ಇಂಗ್ಲಿಷ್ ಕಂಠಪಾಠ ಸ್ಪರ್ಧೆಗೆ ಮಕ್ಕಳ ತಯಾರಿ: ಯಾವ ಪದ್ಯ, ಯಾವ ಧಾಟಿ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಕುಮಟಾ ತಾಲೂಕು

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಕಡಲ ಬದಿಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೀನುಗಾರಿಕೆಯನ್ನೋ ಗಜನಿ (ಉಪ್ಪುನೀರಿನ ತಗ್ಗು ಗದ್ದೆ) ಬೇಸಾಯವನ್ನೋ ನಂಬಿದ ಮನೆಗಳವರು. ಮನೆಯಲ್ಲಿ ಕೊಂಕಣಿ ಇಲ್ಲವೇ ಈ ಸೀಮೆಯ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಇವೆರಡರ ನಡುವೆ ಇಂಗ್ಲಿಷ್ ಎಂಬುದು ದಿನಕ್ಕೊಂದು ಅವಧಿಯ ವಿಷಯವಾಗಿ ಬಂದು ಹೋಗುತ್ತದೆ. ಹೀಗಿದ್ದರೂ ಪ್ರತಿಭಾ ಕಾರಂಜಿಯ ಇಂಗ್ಲಿಷ್ ಕಂಠಪಾಠದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕ್ಲಸ್ಟರ್ ಮಟ್ಟವನ್ನು ದಾಟಿದ್ದಾಳೆ, ಇನ್ನು ತಾಲೂಕು ಮಟ್ಟಕ್ಕೆ ಹೋಗಬೇಕಾಗಿದೆ.

ಅವಳು ಆರಿಸಿಕೊಂಡಿದ್ದು ವರ್ಡ್ಸ್‌ವರ್ತ್‌ನ ಡ್ಯಾಫೋಡಿಲ್ಸ್ ಪದ್ಯವನ್ನು. ನೆನಪಿನ ಶಕ್ತಿ ಚೆನ್ನಾಗಿದೆ, ದನಿಯೂ ಗಟ್ಟಿಯಾಗಿದೆ. ಆದರೆ ಅಣ್ಣನ ಮೊಬೈಲಿನಲ್ಲಿ ಸಿಕ್ಕ ಯಾವುದೋ ವಿಡಿಯೊವನ್ನು ಮತ್ತೆ ಮತ್ತೆ ನೋಡಿ ಅವಳು ಅದನ್ನು ಕಲಿತಿರುವುದರಿಂದ, ಆ ವಿಡಿಯೊದ ಮಗು ಎಲ್ಲಿ ಕೈಯೆತ್ತಿದೆಯೋ ಅಲ್ಲಿ ಇವಳ ಕೈಯೂ ಏಳುತ್ತದೆ, ಅದು ಎಲ್ಲಿ ಮೂಗಿನಿಂದ ಉಚ್ಚರಿಸಿದೆಯೋ ಅಲ್ಲಿ ಇವಳ ಮೂಗೂ ಮಾತಾಡುತ್ತದೆ. ಮೋಡ ಎಂದಾಗ ಗಾಳಿಯಲ್ಲಿ ಒಂದು ವೃತ್ತ, ಹೂವು ಎಂದಾಗ ಐದು ಬೆರಳುಗಳ ಅರಳುವಿಕೆ, ಸಾಲು ಮುಗಿದಾಗಲೆಲ್ಲ ಕಡ್ಡಾಯವಾದ ಒಂದು ನಿಲುಗಡೆ. ವಿಡಿಯೊವನ್ನು ಮರೆತು ನಿನ್ನದೇ ದನಿಯಲ್ಲಿ ಹೇಳು ಎಂದರೆ ಎರಡನೆಯ ಚರಣದ ಹೊತ್ತಿಗೆ ಪದ್ಯವೇ ಮರೆತುಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. ಹಿಂದೆ ಬೇರೆಡೆ ನಡೆದ ಅಂತರಶಾಲಾ ಸ್ಪರ್ಧೆಯೊಂದರಲ್ಲಿ ನಿರ್ಣಾಯಕರೊಬ್ಬರು ನಮ್ಮ ಶಾಲೆಯ ಹುಡುಗನ ಬಗ್ಗೆ, ಎಲ್ಲರೆದುರಿಗೇ, ಉಚ್ಚಾರಣೆಯಲ್ಲಿ ಹಳ್ಳಿಯ ವಾಸನೆ ಇದೆ ಎಂದುಬಿಟ್ಟರು. ಆ ಹುಡುಗ ಮತ್ತೆ ವೇದಿಕೆ ಹತ್ತಲಿಲ್ಲ. ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಇಂಥ ಮಕ್ಕಳಿಗೆ ಯಾವ ಬಗೆಯ ಪದ್ಯವನ್ನು ಆರಿಸಬೇಕು? ಉಚ್ಚಾರಣೆಯನ್ನು ಎಷ್ಟರಮಟ್ಟಿಗೆ ತಿದ್ದಬೇಕು, ಎಲ್ಲಿಗೆ ಬಿಡಬೇಕು? ಹಾವಭಾವ ಬೇಕೋ ಬೇಡವೋ? ಡ್ಯಾಫೋಡಿಲ್ಸ್ ಪದ್ಯವನ್ನೇ ಉಳಿಸಿಕೊಳ್ಳಬೇಕೇ ಎಂಬುದೂ ನನಗೆ ಸ್ಪಷ್ಟವಿಲ್ಲ.

ಉತ್ತರ: ನಿವೃತ್ತ ಇಂಗ್ಲಿಷ್ ಮಾಸ್ತರು, ಶಿರಸಿ

ಅಕ್ಕೋರಿಗೆ ನಮಸ್ಕಾರ. ಮೊದಲು ಆ ವಿಡಿಯೊವನ್ನು ದೂರವಿಡಿಸಿ. ಮಗುವಿನ ಕೈಯಲ್ಲಿ ಮೊಬೈಲಿಗೆ ಬದಲಾಗಿ ಒಂದು ಹಾಳೆ ಇರಲಿ, ಆ ಹಾಳೆಯಲ್ಲಿ ಪದ್ಯವನ್ನು ಸಾಲುಸಾಲಾಗಿ ಬರೆಸದೆ, ಗದ್ಯದ ಹಾಗೆ ಅಂಚಿನಿಂದ ಅಂಚಿಗೆ ಒಂದೇ ಓಟದಲ್ಲಿ ಬರೆಸಿ. ಡ್ಯಾಫೋಡಿಲ್ಸ್ ಪದ್ಯದ ಮೊದಲ ಚರಣದ ಆರೂ ಸಾಲುಗಳು ಸೇರಿ ಒಂದೇ ವಾಕ್ಯ ಎಂಬುದು ಹಾಗೆ ಬರೆದಾಗ ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ. ಮೊದಲ ಸಾಲಿನ ಕೊನೆಯಲ್ಲಿರುವ ಮೋಡ ಯಾವ ಮೋಡ ಎಂಬುದನ್ನು ಎರಡನೆಯ ಸಾಲು ಹೇಳುತ್ತದೆ, ಕಣಿವೆ ಬೆಟ್ಟಗಳ ಮೇಲೆ ತೇಲುವ ಮೋಡ ಎಂದು. ಮೋಡ ಎಂದು ಹೇಳಿ ನಿಂತು, ಉಸಿರೆಳೆದು, ಆಮೇಲೆ ತೇಲುವ ಎಂದು ಶುರುಮಾಡಿದರೆ ಕೇಳುವವನಿಗೆ ಅರ್ಥ ಎರಡು ತುಂಡಾಗಿ ಸಿಗುತ್ತದೆ. ನಮ್ಮ ಮಕ್ಕಳ ಇಂಗ್ಲಿಷ್ ಪಠಣ ಯಾಂತ್ರಿಕವಾಗಿ ಕೇಳಿಸುವುದಕ್ಕೆ ದೊಡ್ಡ ಕಾರಣ ಅವರ ಉಚ್ಚಾರಣೆಯಲ್ಲ, ಸಾಲಿನ ಕೊನೆಯ ಈ ನಿಲುಗಡೆಯೇ ಎಂದು ನನ್ನ ಅಭಿಪ್ರಾಯ.

ಎರಡನೆಯ ಕಾರಣ ಒತ್ತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತರಬೇತಿಗಳಲ್ಲಿ ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕನ್ನಡದ ಛಂದಸ್ಸು ನಡೆಯುವುದು ಕಾಲದ ಅಳತೆಯಲ್ಲಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲಲೇಬೇಕು. ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಲೆಕ್ಕದಲ್ಲಿ, ಒತ್ತು ಬಿದ್ದ ಉಚ್ಚಾರಾಂಶ ಎದ್ದು ನಿಲ್ಲುತ್ತದೆ, ಉಳಿದವು ತಗ್ಗಿ, ಕೆಲವೊಮ್ಮೆ ಸ್ವರವನ್ನೇ ಅರ್ಧ ನುಂಗಿಕೊಂಡು ಹಿಂದೆ ಸರಿಯುತ್ತವೆ. ನಮ್ಮ ಮಗು ಕನ್ನಡದ ನ್ಯಾಯವನ್ನೇ ಇಂಗ್ಲಿಷಿಗೂ ಒಪ್ಪಿಸಿ ಎಲ್ಲ ಅಕ್ಷರಗಳಿಗೂ ಸಮಪಾಲು ಹಂಚುತ್ತದೆ, ಆಗ ಸಾಲು ಸಪಾಟಾಗುತ್ತದೆ.

ಅದೇ ಮೊದಲ ಸಾಲನ್ನು ನೋಡಿ, ‘ಐ ವಾಂಡರ್ಡ್ ಲೋನ್ಲಿ ಆ್ಯಸ್ ಎ ಕ್ಲೌಡ್’. ಅದರಲ್ಲಿ ಎಂಟು ಉಚ್ಚಾರಾಂಶಗಳು, ನಾಲ್ಕು ಒತ್ತುಗಳು. ಒಂದು ಬಿಟ್ಟು ಒಂದರ ಮೇಲೆ ಒತ್ತು ಬೀಳುತ್ತದೆ, ಅಲೆದೆ ಎಂಬ ಪದದ ಮೊದಲ ಅಂಶ, ಒಂಟಿ ಎಂಬ ಪದದ ಮೊದಲ ಅಂಶ, ಹಾಗೆ ಎಂಬರ್ಥದ ಪುಟ್ಟ ‘ಆ್ಯಸ್’, ಕೊನೆಗೆ ಮೋಡ. ಛಂದಸ್ಸಿನ ಲೆಕ್ಕಕ್ಕೆ ‘ಆ್ಯಸ್’ ಮೇಲೂ ಒತ್ತಿದೆ, ಆದರೆ ಮಾತಿನ ಲೆಕ್ಕಕ್ಕೆ ಅದು ಹಗುರವಾದ ಪದ. ಹೇಳುವವರು ಅದನ್ನು ತೇಲಿಸಿಬಿಟ್ಟು, ಉಳಿದ ಮೂರರ ಮೇಲೆ ಭಾರ ಹಾಕಬೇಕು. ನಾಲ್ಕರ ಮೇಲೂ ಸಮನಾಗಿ ಗುದ್ದಿದರೆ ಡೋಲು ಬಡಿದಂತಾಗುತ್ತದೆ, ಒಂದರ ಮೇಲೂ ಹಾಕದಿದ್ದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ. ಛಂದಸ್ಸು ಒಂದು ಕಡೆಗೆ ಎಳೆಯುತ್ತದೆ, ಮಾತು ಇನ್ನೊಂದು ಕಡೆಗೆ ಎಳೆಯುತ್ತದೆ. ಪದ್ಯ ಹೇಳುವ ಕಲೆ ಇರುವುದು ಈ ಎಳೆದಾಟದಲ್ಲಿ. ಮಕ್ಕಳಿಗೆ ಇಷ್ಟನ್ನೆಲ್ಲ ವಿವರಿಸಬೇಕಿಲ್ಲ. ಹಾಳೆಯ ಮೇಲೆ ಭಾರ ಬೀಳುವ ಪದಗಳ ಕೆಳಗೆ ಗೆರೆ ಹಾಕಿಸಿ, ಗೆರೆ ಇರುವಲ್ಲಿ ಮೇಜನ್ನು ಬೆರಳಿನಿಂದ ತಟ್ಟಿಸಿ, ಕೆಲವು ದಿನ ಕಳೆದ ಮೇಲೆ ತಟ್ಟುವುದನ್ನು ನಿಲ್ಲಿಸಿ.

ಡ್ಯಾಫೋಡಿಲ್ಸ್ ಬೇಕೇ ಎಂದು ಕೇಳಿದ್ದೀರಿ. 1807ರಲ್ಲಿ ಮೊದಲು ಅಚ್ಚಾಗಿ, 1815ರಲ್ಲಿ ಇನ್ನೊಂದು ಚರಣ ಸೇರಿ 24 ಸಾಲುಗಳಾದ ಆ ಪದ್ಯ ಒಳ್ಳೆಯದೇ. ಮಗು ಆ ಹೂವನ್ನು ಕಂಡಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕಾಣದ ವಸ್ತುವನ್ನು ಪದ್ಯದಲ್ಲಿ ಕಾಣುವುದೂ ಓದಿನ ಒಂದು ಸುಖ. ತೊಂದರೆ ಇರುವುದು ಕೊನೆಯ ಚರಣದಲ್ಲಿ. ಮೊದಲ ಮೂರು ಚರಣಗಳಲ್ಲಿ ಸರೋವರದ ದಂಡೆಯ ಹೂಗಳ ನೋಟ ಇದೆ, ನಾಲ್ಕನೆಯದರಲ್ಲಿ ಕವಿ ಮನೆಯೊಳಗೆ ಸುಮ್ಮನೆ ಒರಗಿದ್ದಾನೆ, ಹೂಗಳು ನೆನಪಿನಲ್ಲಿ ಮಾತ್ರ ಮರಳುತ್ತವೆ. ದನಿ ಅಲ್ಲಿ ಒಳಗೆ ತಿರುಗಬೇಕು. ಹದಿನಾಲ್ಕು ವರ್ಷದ ಮಕ್ಕಳು ಆ ತಿರುವನ್ನು ಗಮನಿಸದೆ ಮೊದಲಿನ ಉಲ್ಲಾಸದಲ್ಲಿಯೇ ಕೊನೆಯವರೆಗೂ ಹೇಳಿ ಮುಗಿಸುತ್ತಾರೆ. ಜೊತೆಗೆ, ನಿರ್ಣಾಯಕರು ಆ ಪದ್ಯವನ್ನು ಅದೆಷ್ಟು ಬಾರಿ ಕೇಳಿರುತ್ತಾರೆಂದರೆ ಮಗು ಬಾಯಿ ತೆರೆಯುವ ಮೊದಲೇ ಅವರಿಗೆ ಆಕಳಿಕೆ ಬಂದಿರುತ್ತದೆ.

ಕಾರವಾರದ ಕಡೆಯ ಶಾಲೆಗಳು ರವೀಂದ್ರನಾಥ ಠಾಕೂರರ ‘ಎಲ್ಲಿ ಮನಕೆ ಭಯವಿಲ್ಲವೋ’ ಎಂಬ ಆಶಯದ ಪದ್ಯವನ್ನು ಬಹಳವಾಗಿ ಆರಿಸುತ್ತವೆ. ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದಾಗ ಠಾಕೂರರು ಕಾರವಾರದಲ್ಲಿ ಬಂದು ನೆಲೆಸಿದ್ದರು, ಕಡಲತೀರಕ್ಕೂ ಅವರ ಹೆಸರಿದೆ, ಹಾಗಾಗಿ ಆ ಅಭಿಮಾನ ಸಹಜವೇ. 1901ರ ಬಂಗಾಳಿ ‘ನೈವೇದ್ಯ’ದಲ್ಲಿದ್ದ ಅದನ್ನು ಕವಿಯೇ ಇಂಗ್ಲಿಷಿಗೆ ತಂದು 1912ರ ಇಂಗ್ಲಿಷ್ ಗೀತಾಂಜಲಿಯಲ್ಲಿ ಸೇರಿಸಿದರು. ಅದರಲ್ಲಿ ಪ್ರಾಸವಿಲ್ಲ, ಕಟ್ಟುನಿಟ್ಟಾದ ಛಂದಸ್ಸೂ ಇಲ್ಲ, ಇಡೀ ಪದ್ಯ ಒಂದೇ ವಾಕ್ಯ. ‘ಎಲ್ಲಿ’ ಎಂದು ಶುರುವಾಗುವ ಏಳು ಮಾತುಗಳು ಒಂದರ ಮೇಲೊಂದು ಏರುತ್ತ ಹೋಗಿ, ಕಟ್ಟಕಡೆಯಲ್ಲಿ ಮಾತ್ರ ಪ್ರಾರ್ಥನೆಯ ಕ್ರಿಯಾಪದ ಬರುತ್ತದೆ. ಇಂಗ್ಲಿಷಿನವರಿಗೆ ಇಂಥ ಕಾಯುವಿಕೆ ಅಪರೂಪವಾಗಿರಬಹುದು, ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ಕನ್ನಡ ಮತ್ತು ಕೊಂಕಣಿಯ ಮಕ್ಕಳಿಗೆ ಹುಟ್ಟಿನಿಂದಲೇ ರೂಢಿ. ಆದರೂ ಅವರು ಪ್ರತಿ ‘ಎಲ್ಲಿ’ಯ ಕೊನೆಗೂ ದನಿಯನ್ನು ಇಳಿಸಿ ಪೂರ್ಣವಿರಾಮ ಹಾಕುತ್ತಾರೆ, ಆಗ ಒಂದು ಪ್ರಾರ್ಥನೆ ಏಳು ಘೋಷಣೆಗಳಾಗಿ ಒಡೆದುಹೋಗುತ್ತದೆ. ದನಿಯನ್ನು ಇಳಿಸದೆ ತೂಗಿಹಿಡಿದು ಕೊನೆಯ ಸಾಲಿಗೆ ತಲುಪಿಸಲು ಕಲಿಸಿದರೆ ಆ ಪದ್ಯ ಬೇರೆಯೇ ಆಗುತ್ತದೆ.

ಉತ್ತರ: ಸ್ಪರ್ಧೆಗಳ ನಿರ್ಣಾಯಕನಾಗಿ ಹೋಗುವ ಶಿಕ್ಷಕ, ಕಾರವಾರ

ಮಾಸ್ತರು ಹೇಳಿದ ಹೆಚ್ಚಿನದನ್ನು ನಾನು ಒಪ್ಪುತ್ತೇನೆ, ಆದರೆ ಉಚ್ಚಾರಣೆ ಮುಖ್ಯವಲ್ಲ ಎಂಬ ಧ್ವನಿ ಅವರ ಮಾತಿನಲ್ಲಿ ಇರುವುದರಿಂದ ನಿರ್ಣಾಯಕರ ಮೇಜಿನ ಕಡೆಯಿಂದ ಒಂದೆರಡು ಮಾತು ಹೇಳಲೇಬೇಕಾಗಿದೆ. ನನ್ನ ಕೈಗೆ ಬಂದ ಅಂಕಪಟ್ಟಿಗಳಲ್ಲಿ ಉಚ್ಚಾರಣೆಗೆ ಒಂದು ಅಂಕಣ ಇದ್ದೇ ಇರುತ್ತದೆ, ಅದನ್ನು ಖಾಲಿ ಬಿಡಲು ಬರುವುದಿಲ್ಲ. ಅಕ್ಕೋರು ಹೇಳಿದ ಆ ನಿರ್ಣಾಯಕರ ಮಾತು ತೀರಾ ಅನುಚಿತವಾದದ್ದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮಗುವಿನ ಊರನ್ನು ಕೇಳಿಸಿಕೊಳ್ಳುವುದು ಬೇರೆ, ಪದವೇ ತಪ್ಪಾಗಿ ಕೇಳಿಸುವುದು ಬೇರೆ. ಮೊದಲನೆಯದಕ್ಕೆ ಅಂಕ ಕಳೆಯಬಾರದು, ಎರಡನೆಯದಕ್ಕೆ ಕಳೆಯದೆ ವಿಧಿಯಿಲ್ಲ.

ನಮ್ಮ ಭಾಗದ ಮಕ್ಕಳಲ್ಲಿ ತಿದ್ದಲೇಬೇಕಾದದ್ದು ಬಹಳ ಕಡಿಮೆ. ಎ ಸ್ವರದಿಂದ ಶುರುವಾಗುವ ಪದದ ಹಿಂದೆ ಯ ಸೇರುತ್ತದೆ, ‘ಎವ್ರಿ’ ಹೋಗಿ ‘ಯೆವ್ರಿ’ ಆಗುತ್ತದೆ. ಹಾಗೆಯೇ ‘ಓನ್ಲಿ’ಯ ಹಿಂದೆ ವ ಬಂದು ಕೂರುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಅಂಟಿಕೊಂಡು ‘ಕ್ಲೌಡ್’ ಎಂಬುದು ‘ಕ್ಲೌಡು’ ಆಗುತ್ತದೆ, ಆಗ ಸಾಲಿಗೆ ಒಂದು ಉಚ್ಚಾರಾಂಶ ಹೆಚ್ಚಾಗಿ ನಡಿಗೆಯೇ ಕುಂಟುತ್ತದೆ. ಬಹುವಚನದ ಕೊನೆಯ ಧ್ವನಿಯನ್ನು ನುಂಗುವುದು ಇನ್ನೊಂದು ದೋಷ; ಡ್ಯಾಫೋಡಿಲ್ಸ್ ಪದ್ಯದಲ್ಲಿ ‘ಹಿಲ್ಸ್’ ಎಂಬಲ್ಲಿ ‘ಹಿಲ್’ ಎಂದುಬಿಟ್ಟರೆ ಒಂದು ಸಾಲು ಬಿಟ್ಟು ಬರುವ ಹೂವಿನ ಹೆಸರಿನೊಂದಿಗಿನ ಪ್ರಾಸ ಅಲ್ಲಿಗೇ ಸತ್ತಿತು. ಇಷ್ಟನ್ನು ಸರಿಪಡಿಸಿದರೆ ಸಾಕು. ಇದಕ್ಕಿಂತ ಹೆಚ್ಚಿನದನ್ನು, ಅಂದರೆ ಲಂಡನ್ನಿನ ಟ ಮತ್ತು ಅಮೆರಿಕದ ರ ಇವುಗಳನ್ನು ನಮ್ಮ ಮಕ್ಕಳ ನಾಲಿಗೆಯ ಮೇಲೆ ಹೇರುವ ಅಗತ್ಯ ಇಲ್ಲ. ಅಂದಹಾಗೆ, ಕೊಂಕಣಿ ಮನೆಮಾತಿನ ಮಕ್ಕಳಿಗೆ ‘ಬ್ರೀಜ್’ ಪದದ ಕೊನೆಯ ಧ್ವನಿ ಬಹಳ ಸಲೀಸಾಗಿ ಬರುತ್ತದೆ, ಅಂಥದೇ ಧ್ವನಿ ಅವರ ಮನೆಯಲ್ಲಿಯೇ ಇದೆ. ಅದಕ್ಕೆ ಹೆಚ್ಚುವರಿ ಅಂಕ ಕೊಡುವವರನ್ನು ನಾನು ಇನ್ನೂ ಕಂಡಿಲ್ಲ.

ಹಾವಭಾವದ ವಿಷಯಕ್ಕೆ ಬರೋಣ. ನಮ್ಮಲ್ಲಿ ಕಂಠಪಾಠ ಮತ್ತು ಏಕಪಾತ್ರಾಭಿನಯ ಎರಡೂ ಕಲಸುಮೇಲೋಗರವಾಗಿವೆ. ಅಮೆರಿಕದಲ್ಲಿ 2006ರಿಂದ ಪ್ರೌಢಶಾಲಾ ಮಕ್ಕಳಿಗಾಗಿ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿರುವ ‘ಪೊಯೆಟ್ರಿ ಔಟ್ ಲೌಡ್’ ಎಂಬ ಪಠಣ ಸ್ಪರ್ಧೆಯಲ್ಲಿ ಮಗು ಪದ್ಯವನ್ನು ಅರ್ಥಮಾಡಿಕೊಂಡಿದೆಯೇ ಎಂಬುದಕ್ಕೆ ಪ್ರತ್ಯೇಕವಾಗಿ ಅಂಕಗಳಿವೆ, ಅತಿಯಾದ ಅಭಿನಯ ಅಲ್ಲಿ ಗುಣವೆನಿಸದೆ ಕೊರತೆಯೆನಿಸುತ್ತದೆ. ಇಂಗ್ಲಿಷ್ ಆಡುವ ನಾಡಿನಲ್ಲಿಯೇ ಹೀಗಿರುವಾಗ ನಾವು ಮಾತ್ರ ಮೋಡಕ್ಕೊಂದು ವೃತ್ತ ಬರೆಸುತ್ತ ಕುಳಿತಿದ್ದೇವೆ. ಕೈಗಳು ಪಕ್ಕದಲ್ಲಿ ಇಳಿದಿರಲಿ, ಎಲ್ಲಿಯೋ ಒಂದು ಕಡೆ ಅವು ತಾವಾಗಿ ಎದ್ದರೆ ಏಳಲಿ.

ಪದ್ಯದ ಉದ್ದವನ್ನೂ ನೋಡಿಕೊಳ್ಳಿ. ಮಗುವಿನ ನೆನಪಿನ ಶಕ್ತಿಯನ್ನು ಮೆರೆಸಲು ಕೆಲವರು ಎಡ್ಗರ್ ಆಲನ್ ಪೋನ ‘ದಿ ರೇವನ್’ ಪದ್ಯವನ್ನು ಹೊರಿಸಿ ಕಳಿಸುತ್ತಾರೆ. ಅದು ಹದಿನೆಂಟು ಚರಣಗಳ, 108 ಸಾಲುಗಳ ಪದ್ಯ. ಸಮಯದ ಮಿತಿಗೆ ತಕ್ಕಂತೆ ನಡುವಿನದನ್ನು ಕತ್ತರಿಸಿದಾಗ ಕಾಗೆ ಕೋಣೆಗೆ ಬಂದದ್ದು ಏಕೆ, ಆ ಮನುಷ್ಯ ಹುಚ್ಚನಂತೆ ಪ್ರಶ್ನಿಸುವುದು ಏಕೆ ಎಂಬ ಏರಿಕೆಯೇ ಕಳೆದುಹೋಗುತ್ತದೆ. ಹನ್ನೆರಡರಿಂದ ಇಪ್ಪತ್ತನಾಲ್ಕು ಸಾಲುಗಳೊಳಗಿನ ಇಡಿಯಾದ ಪದ್ಯವೇ ಲೇಸು. ಪದ್ಯದ ಸ್ಪಷ್ಟವಾದ ಪ್ರತಿಗಳನ್ನು ನಿರ್ಣಾಯಕರಿಗೂ ಕೊಡಿಸಿ. ನಮ್ಮೆದುರು ಹೇಳಲಾಗುವ ಎಲ್ಲ ಪದ್ಯಗಳೂ ನಮಗೆ ಬಾಯಿಪಾಠ ಇರುತ್ತವೆ ಎಂಬುದು ತಪ್ಪು ಕಲ್ಪನೆ.

ಉತ್ತರ: ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ, ಹೊನ್ನಾವರ

ನಾನು ಶಿಕ್ಷಕನಲ್ಲ, ಬ್ಯಾಂಕಿನ ನೌಕರ. ಆದರೆ ಮಾಸ್ತರು ಹಾಗೂ ಕಾರವಾರದ ಸರ್ ಇಬ್ಬರೂ ಪದ್ಯವನ್ನು ಮಾತಿನ ಹತ್ತಿರಕ್ಕೆ ಎಳೆಯುತ್ತಿರುವುದು ನನಗೆ ಅಷ್ಟಾಗಿ ರುಚಿಸಲಿಲ್ಲ. ಪದ್ಯವನ್ನು ಗದ್ಯದಂತೆ ಹೇಳುವುದೇ ಸರಿಯಾದ ಇಂಗ್ಲಿಷ್ ಪದ್ಧತಿ ಎಂಬ ನಂಬಿಕೆ ಎಲ್ಲಿಂದ ಬಂತು? ಟೆನ್ನಿಸನ್ ತನ್ನ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಪದ್ಯವನ್ನು ತಾನೇ ಹೇಳಿದ ಧ್ವನಿಮುದ್ರಣ ಇದೆ, 1890ರಲ್ಲಿ ಎಡಿಸನ್ನನ ಮೇಣದ ಉರುಳೆಯ ಮೇಲೆ ಹಿಡಿದದ್ದು. ಗರಗರ ಸದ್ದಿನ ನಡುವೆಯೂ ಮುದುಕ ಕವಿಯ ದನಿ ಒಂದೇ ಲಯದಲ್ಲಿ ಬಡಿಯುತ್ತ ಹೋಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಯೇಟ್ಸ್ 1930ರ ದಶಕದಲ್ಲಿ ಬಿಬಿಸಿಗಾಗಿ ತನ್ನ ‘ಇನ್ನಿಸ್‌ಫ್ರೀ’ ದ್ವೀಪದ ಪದ್ಯವನ್ನು ಓದುವಾಗ, ಲಯಕ್ಕೆ ಹೆಚ್ಚು ಒತ್ತು ಕೊಟ್ಟೇ ಓದುತ್ತೇನೆ ಎಂದು ಮೊದಲೇ ಹೇಳಿ, ಹೆಚ್ಚುಕಡಿಮೆ ಮಂತ್ರದ ಹಾಗೆ ಎಳೆದೆಳೆದು ಹೇಳಿದ್ದಾನೆ. ಕವಿಗಳೇ ರಾಗವಾಗಿ ಹೇಳಿದ್ದನ್ನು ನಮ್ಮ ಮಕ್ಕಳು ಮಾತ್ರ ಪೇಪರು ಓದಿದಂತೆ ಹೇಳಬೇಕೇ?

ಟೆನ್ನಿಸನ್ನನ ಆ ಪದ್ಯ 1854ರ ಅಕ್ಟೋಬರಿನಲ್ಲಿ ಬಾಲಕ್ಲಾವಾದಲ್ಲಿ ತಪ್ಪು ಆಜ್ಞೆಗೆ ತಲೆಯೊಡ್ಡಿ ಫಿರಂಗಿಗಳ ಬಾಯಿಗೆ ನುಗ್ಗಿದ ಸವಾರರದ್ದು. ಒಂದು ಭಾರ, ಎರಡು ಹಗುರ, ಮತ್ತೆ ಒಂದು ಭಾರ, ಎರಡು ಹಗುರ ಎಂದು ಅದು ಓಡುತ್ತದೆ, ಕುದುರೆಯ ಗೊರಸಿನ ಸದ್ದೇ ಅದರ ಛಂದಸ್ಸು. ತ್ರಿವುಡೆ, ಝಂಪೆ, ಅಷ್ಟ ತಾಳಗಳನ್ನು ಯಕ್ಷಗಾನ ಬಯಲಾಟದ ರಾತ್ರಿಗಳಲ್ಲಿ ಕೇಳುತ್ತ ಬೆಳೆದ ನಮ್ಮ ಕಡೆಯ ಹುಡುಗರಿಗೆ ಇದನ್ನು ವಿವರಿಸುವ ಅಗತ್ಯವೇ ಬರುವುದಿಲ್ಲ, ಒಮ್ಮೆ ಹೇಳಿ ತೋರಿಸಿದರೆ ಕಾಲಿನಲ್ಲಿಯೇ ಹಿಡಿದುಬಿಡುತ್ತಾರೆ. ಬಡಗುತಿಟ್ಟಿನ ಭಾಗವತರು ಪದವನ್ನು ಎತ್ತುತ್ತಾರೆ, ಅರ್ಥಧಾರಿ ಅದೇ ಭಾವವನ್ನು ಮಾತಿನಲ್ಲಿ ಬಿಚ್ಚುತ್ತಾನೆ, ಎರಡೂ ನಮ್ಮ ಮಕ್ಕಳ ಕಿವಿಯಲ್ಲಿ ಇವೆ. ಆ ಕಿವಿಯನ್ನು ಶಾಲೆಯ ಬಾಗಿಲಲ್ಲಿ ಕಳಚಿಟ್ಟು ಬರಲು ಹೇಳಬೇಡಿ ಎಂಬುದಷ್ಟೇ ನನ್ನ ಅರಿಕೆ. ಕೈ ಕುಣಿಸುವುದು ಬೇಡ ಎಂಬುದನ್ನು ಮಾತ್ರ ಒಪ್ಪುತ್ತೇನೆ, ತಾಳಮದ್ದಳೆಯಲ್ಲಿ ನಾವು ಕುಳಿತೇ ರಾವಣನಾಗುತ್ತೇವೆ.

ಉತ್ತರ: ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ಅಂಕೋಲಾ

ಧಾಟಿಯ ಜಗಳವನ್ನು ನೀವು ಮುಂದುವರಿಸಿ, ನಾನು ಆಯ್ಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಇಂಗ್ಲಿಷ್ ಪದ್ಯ ಎಂದರೆ ಇಂಗ್ಲೆಂಡಿನ ಪದ್ಯ ಎಂದು ನಾವು ಇನ್ನೂ ಏಕೆ ತಿಳಿದಿದ್ದೇವೋ ನನಗೆ ಅರ್ಥವಾಗುವುದಿಲ್ಲ. ಸರೋಜಿನಿ ನಾಯ್ಡು ಅವರ ‘ಕೋರಮಂಡಲ್ ಫಿಷರ್ಸ್’ 1905ರ ಮೊದಲ ಸಂಕಲನದಲ್ಲಿಯೇ ಇದೆ. ಹನ್ನೆರಡು ಉದ್ದನೆಯ ಸಾಲುಗಳು, ಬೆಳಗಿನ ಜಾವದಲ್ಲಿ ಒಬ್ಬ ಮೀನುಗಾರ ತನ್ನ ಸಂಗಡಿಗರನ್ನು ಏಳಿಸಿ ಕಡಲಿಗೆ ಕರೆಯುವ ಹಾಡು. ದಡದ ಬಲೆಗಳನ್ನು ಒಟ್ಟುಮಾಡುವುದು, ಸಂಜೆಯ ಬಿರುಗಾಳಿಯ ಭಯ, ತೆಂಗಿನ ತೋಪಿನ ನೆರಳು ಸಿಹಿ, ಆದರೆ ಕಡಲಿನ ಹನಿಗಳ ಸ್ಪರ್ಶ ಇನ್ನೂ ಸಿಹಿ ಎಂಬ ಮಾತು, ಇವು ತದಡಿ ಬಂದರಿನ ಆಸುಪಾಸಿನ ಮಗುವಿಗೆ ಟಿಪ್ಪಣಿ ಇಲ್ಲದೆಯೇ ತಿಳಿಯುತ್ತವೆ. ಸಾಲಿನ ಒಳಗೇ ಪ್ರಾಸಗಳು ಅಡಗಿರುವುದರಿಂದ ನೆನಪಿಡುವುದೂ ಸುಲಭ.

ಘಟ್ಟದ ಮೇಲಿನ ಮಕ್ಕಳಿಗಾದರೆ ನಿಸ್ಸಿಂ ಎಜಕಿಯೆಲ್ ಅವರ ‘ನೈಟ್ ಆಫ್ ದ ಸ್ಕಾರ್ಪಿಯನ್’ ಅನ್ನು ಸೂಚಿಸುತ್ತೇನೆ. ಮಳೆಯ ರಾತ್ರಿ ತಾಯಿಗೆ ಚೇಳು ಕಚ್ಚಿದ್ದು, ಊರವರು ಲಾಂದ್ರ ಹಿಡಿದು ಬಂದು ಪೂರ್ವಜನ್ಮದ ಪಾಪದ ಮಾತಾಡಿದ್ದು, ಕೊನೆಗೆ ತಾಯಿ ಹೇಳುವ ಒಂದೇ ಮಾತು. ಹೇಳುವವನು ಮಗನೇ ಆದ್ದರಿಂದ ಮಕ್ಕಳ ದನಿಗೆ ಅದು ಒಗ್ಗುತ್ತದೆ, ಛಂದಸ್ಸಿನ ಕಟ್ಟು ಇಲ್ಲದ್ದರಿಂದ ಗುದ್ದುವ ಅಪಾಯವೂ ಇಲ್ಲ. ಉದ್ದ ಸ್ವಲ್ಪ ಹೆಚ್ಚು. ಕಾರವಾರದ ತೀರದ ಗಾಳಿಮರಗಳನ್ನು ನೋಡಿದಾಗಲೆಲ್ಲ ನನಗೆ ತೋರು ದತ್ತಳ ‘ಅವರ್ ಕ್ಯಾಸುರೀನಾ ಟ್ರೀ’ ನೆನಪಾಗುತ್ತದೆ, ಅದು ಅದೇ ಮರದ ಮೇಲಿನ ಪದ್ಯ. ಆದರೆ ಹನ್ನೊಂದು ಸಾಲುಗಳ ಐದು ಚರಣಗಳ ಆ ಪದ್ಯ ಒಂಬತ್ತನೆಯ ತರಗತಿಗೆ ಭಾರವಾದೀತು.

ಇನ್ನೊಂದು ಮಾತು. ಇಂಗ್ಲಿಷಿಗೆ ಹೋಗುವ ಮೊದಲು ಸು. ರಂ. ಎಕ್ಕುಂಡಿಯವರ ಯಾವುದಾದರೂ ಕಥನಕವನವನ್ನು ಆ ಹುಡುಗಿಯಿಂದ ಹೇಳಿಸಿ ನೋಡಿ. ನಿಮ್ಮ ತಾಲೂಕಿನ ಬಂಕಿಕೊಡ್ಲದಲ್ಲಿಯೇ ಮಾಸ್ತರಿಕೆ ಮಾಡಿದವರು ಅವರು. ಕನ್ನಡದಲ್ಲಿ ಕಥೆಯನ್ನು ಪದ್ಯವಾಗಿ ಹೇಳಬಲ್ಲ ಮಗು ಇಂಗ್ಲಿಷಿನಲ್ಲಿ ಬೇಗ ದಾರಿ ಹಿಡಿಯುತ್ತದೆ, ಕನ್ನಡದಲ್ಲಿಯೇ ಒಪ್ಪಿಸುವ ಮಗುವಿಗೆ ಯಾವ ವಿಡಿಯೊ ತೋರಿಸಿದರೂ ಅಷ್ಟೇ.

ಪ್ರತಿಕ್ರಿಯೆ: ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಅಂಕೋಲೆಯ ಮೇಡಂ ಹೇಳಿದ ಮೀನುಗಾರರ ಪದ್ಯವನ್ನು ಹುಡುಗಿಗೆ ಓದಿ ಹೇಳಿದೆ. ಮುಗಿಯುವ ಮೊದಲೇ ಅವಳ ಪ್ರಶ್ನೆಗಳು ಶುರುವಾದವು. ಡ್ಯಾಫೋಡಿಲ್ಸ್ ಬಗ್ಗೆ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ, ಆದ್ದರಿಂದ ಪದ್ಯವನ್ನು ಬದಲಿಸುವುದೆಂದು ಆಗಲೇ ನಿರ್ಧರಿಸಿದೆ. ಬೆಳಗಿನ ಬೆಳಕಿನ ಸಾಲಿನಲ್ಲಿ ಅವಳು ತನ್ನಷ್ಟಕ್ಕೆ ಗುಡ್ಡದ ಕಡೆ ಕೈ ತೋರಿಸಿದಳು, ನಮ್ಮಲ್ಲಿ ಸೂರ್ಯ ಬರುವುದು ಸಹ್ಯಾದ್ರಿಯ ಹಿಂದಿನಿಂದ ತಾನೇ. ಕೋರಮಂಡಲ ಮೂಡಣ ಕರಾವಳಿ, ಅಲ್ಲಿ ಬೆಳಕು ಕಡಲಿನ ಕಡೆಯಿಂದಲೇ ಬರುತ್ತದೆ ಎಂದು ನಕಾಶೆ ತೋರಿಸಿ ಹೇಳಿದಾಗ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದಳು. ಪದ್ಯದಲ್ಲಿ ಬರುವ ಕಟ್ಟುಮರವನ್ನೂ ಚಿತ್ರದಲ್ಲಿ ತೋರಿಸಬೇಕಾಯಿತು, ಅವರ ಮನೆಯಲ್ಲಿ ಇರುವುದು ದೋಣಿ.

ಈಗಿನ ತೊಂದರೆ ಉಸಿರಿನದು. ಸಾಲುಗಳು ಬಹಳ ಉದ್ದವಾಗಿವೆ, ಒಂದೇ ಉಸಿರಿಗೆ ಹೇಳಲು ಹೋಗಿ ಕೊನೆಯ ಪದಗಳು ಕೇಳಿಸದಂತಾಗುತ್ತವೆ. ನಡುವೆ ನಿಲ್ಲಿಸಿದರೆ ಮಾಸ್ತರು ಹೇಳಿದ ತುಂಡಾಗುವ ದೋಷ ಬಂದೀತೆಂಬ ಭಯ. ಒಳಪ್ರಾಸಗಳ ಮೇಲೆ ಭಾರ ಹಾಕಬೇಕೇ ಎಂಬುದನ್ನೂ ತಿಳಿಸಬೇಕು.

ಉತ್ತರ: ನಿವೃತ್ತ ಇಂಗ್ಲಿಷ್ ಮಾಸ್ತರು, ಶಿರಸಿ

ಒಳ್ಳೆಯ ಆಯ್ಕೆ. ಆ ಪದ್ಯದ ಸಾಲುಗಳು ಉದ್ದವಾಗಿ ಕಂಡರೂ ನಡುವಿನಲ್ಲಿ ಸಹಜವಾದ ಒಂದು ತಂಗುದಾಣ ಇದೆ. ಸಾಲಿನ ಮೊದಲ ಭಾಗದಲ್ಲಿ ಸುಮಾರು ನಾಲ್ಕು ಒತ್ತುಗಳು, ಎರಡನೆಯ ಭಾಗದಲ್ಲಿ ಸುಮಾರು ಮೂರು ಎಂಬಂತೆ ಅವು ಒಡೆಯುತ್ತವೆ, ಅಲ್ಲಲ್ಲಿ ಒಂದೊಂದು ಹೆಚ್ಚುಕಡಿಮೆ ಆದೀತು. ಗಾಳಿ ಮುಂಜಾವಿನ ತೋಳಲ್ಲಿ ಮಲಗಿದೆ ಎಂಬುದು ಒಂದು ಭಾಗ, ರಾತ್ರಿಯಿಡೀ ಅತ್ತ ಮಗುವಿನ ಹಾಗೆ ಎಂಬುದು ಇನ್ನೊಂದು. ಈ ಎರಡರ ನಡುವೆ ಚಿಕ್ಕ ಉಸಿರು ತೆಗೆದುಕೊಂಡರೆ ಅರ್ಥಕ್ಕೆ ಯಾವ ಧಕ್ಕೆಯೂ ಇಲ್ಲ. ತುಂಡಾಗುವುದು ಅರ್ಥ ಮುಂದಕ್ಕೆ ಹರಿಯುತ್ತಿರುವಾಗ ನಿಂತರೆ ಮಾತ್ರ. ಉಸಿರು ತೆಗೆದುಕೊಳ್ಳುವಾಗ ದನಿಯನ್ನು ಇಳಿಸಬಾರದು, ಅಷ್ಟೇ.

ಒಳಪ್ರಾಸದ ಮೇಲೆ ಪ್ರತ್ಯೇಕವಾಗಿ ಭಾರ ಹಾಕುವುದು ಬೇಡ. ಆ ಪದಗಳ ಮೇಲೆ ಒತ್ತು ಹೇಗೂ ಬೀಳುತ್ತದೆ, ನಾವೂ ಸೇರಿ ಒತ್ತಿದರೆ ಜೋಲಿ ತೂಗಿದಂತಾಗುತ್ತದೆ. ಇಲ್ಲಿ ಹೊನ್ನಾವರದವರ ಮಾತಿಗೆ ಮನ್ನಣೆ ಕೊಡುತ್ತೇನೆ, ಇದು ಸಂಗಡಿಗರನ್ನು ಕೂಗಿ ಕರೆಯುವ ಹಾಡು, ಇದಕ್ಕೆ ಲಯದ ಎಳೆತ ಬೇಕು, ಪೂರ್ತಿಯಾಗಿ ಮಾತಿನಂತೆ ಹೇಳಿದರೆ ಸಪ್ಪೆಯಾಗುತ್ತದೆ. ಅವಳ ಮನೆಯವರು ರಂಪಣಿ ಬಲೆ ಎಳೆಯುವಾಗ ಹಾಕುವ ಕೂಗನ್ನು ಅವಳು ಕೇಳಿದ್ದರೆ ಮೂರೂ ಚರಣಗಳಲ್ಲಿ ಬರುವ ಕರೆಯ ಮಾತುಗಳಿಗೆ ಆ ಬಲವೇ ಸಾಕು.

ಉತ್ತರ: ಸ್ಪರ್ಧೆಗಳ ನಿರ್ಣಾಯಕನಾಗಿ ಹೋಗುವ ಶಿಕ್ಷಕ, ಕಾರವಾರ

ಒಂದೇ ಎಚ್ಚರಿಕೆ. ಗಾಳಿ ಮಲಗಿರುವ ಆ ಸಾಲಿನಲ್ಲಿ ದನಿ ತಗ್ಗಲಿ, ಆದರೆ ಪಿಸುಮಾತಾಗುವುದು ಬೇಡ. ಸ್ಪರ್ಧೆಯ ದಿನ ಮೈಕು ಕೈಕೊಡುವುದು ಸಾಮಾನ್ಯ, ಪಕ್ಕದ ಕೋಣೆಯಲ್ಲಿ ಜಾನಪದ ನೃತ್ಯದ ಸ್ಪರ್ಧೆ ನಡೆಯುತ್ತಿದ್ದರಂತೂ ಮುಂದಿನ ಸಾಲಿನಲ್ಲಿ ಕುಳಿತ ನಮಗೂ ಏನೂ ಕೇಳಿಸುವುದಿಲ್ಲ. ಮೈಕು ಇಲ್ಲದೆ, ಶಾಲೆಯ ಜಗಲಿಯ ಈ ತುದಿಯಿಂದ ಆ ತುದಿಗೆ ಕೇಳಿಸುವ ಹಾಗೆ ಅವಳಿಂದ ಹೇಳಿಸಿ ಅಭ್ಯಾಸ ಮಾಡಿಸಿ. ಪದ್ಯದ ಹೆಸರನ್ನೂ ಕವಯಿತ್ರಿಯ ಹೆಸರನ್ನೂ ಮೊದಲು ಹೇಳಿ, ಒಂದು ಕ್ಷಣ ಬಿಟ್ಟು ಶುರುಮಾಡಲಿ.